ಜಿಯೋಕ್ಯಾಶಿಂಗ್ ಆಡಿಸುವ ಶಿಕ್ಷಕರ ಗಮನಕ್ಕೆ

ನವಿ ಮುಂಬಯಿಯ ಘಣಸೋಲಿಯ ಶಾಲೆಗಳಲ್ಲಾಗಲಿ, ಭಾನುವಾರದ ಕನ್ನಡ ತರಗತಿಗಳಲ್ಲಾಗಲಿ ಮಕ್ಕಳಿಗೆ ಜಿಯೋಕ್ಯಾಶಿಂಗ್ ಆಡಿಸಬೇಕೆಂದಿರುವವರು ಮೊದಲು ಇದನ್ನು ಪೂರ್ತಿ ಓದಿ, ಆಮೇಲೆ ಡಬ್ಬಿ ಹುಡುಕಲು ಹೊರಡಿ. ಆಟವೇನೋ ಸರಳ. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಮೆರಿಕ ಸರಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಅಮೆರಿಕದ ಆರೆಗನ್ನಿನಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ಆಟ ಶುರುವಾದದ್ದು ಹಾಗೆ. ಆರೆಗನ್ನಿನ ಕಾಡಿಗೆ ಒಪ್ಪಿದ್ದೆಲ್ಲ ನವಿ ಮುಂಬಯಿಗೆ ಒಪ್ಪುವುದಿಲ್ಲ. ಆದ್ದರಿಂದ ಮಾಡಬಾರದ್ದೇ ಮೊದಲು.

ಮಾಡಬಾರದ್ದು

ಡಬ್ಬಿಯನ್ನು ಕಾಂಪೌಂಡಿನ ಹೊರಗೆ ಇಡಲೇಬಾರದು. ಸ್ಟೇಶನ್, ರಿಕ್ಷಾ ಸ್ಟ್ಯಾಂಡ್, ಎಂಐಡಿಸಿ ಕೈಗಾರಿಕಾ ಪ್ರದೇಶದ ಗೇಟು, ದೇವಸ್ಥಾನದ ಕಟ್ಟೆ, ಯಾವುದೂ ಬೇಡ. ಪಕ್ಕದ ಮುಂಬಯಿ 2006ರ ಜುಲೈ 11ರ ಲೋಕಲ್ ರೈಲು ಸ್ಫೋಟಗಳನ್ನು ಕಂಡ ಊರು. ಲಾವಾರಿಸ್ (ವಾರಸುದಾರರಿಲ್ಲದ) ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ದಿನಾ ಕೇಳಿಕೊಂಡು ಓಡಾಡುವ ಜನ ನಿಮ್ಮ ಟಿಫಿನ್ ಡಬ್ಬಿಯನ್ನು ಆಟದ ಸಾಮಾನು ಎಂದುಕೊಳ್ಳುವುದಿಲ್ಲ. ಬಾಂಬ್ ನಿಷ್ಕ್ರಿಯ ದಳ ಬಂದರೆ ತಪ್ಪು ನಿಮ್ಮದೇ. ಮಕ್ಕಳಿಗೂ ಸ್ಪಷ್ಟವಾಗಿ ಹೇಳಿ: ಬೀದಿಯಲ್ಲಿ ಸಿಕ್ಕ ಡಬ್ಬಿ ಆಟದ್ದಲ್ಲ, ಮುಟ್ಟುವಂತಿಲ್ಲ.

ಖಾಡಿಯ ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗೆ ಮಕ್ಕಳನ್ನು ಇಳಿಸಬಾರದು. ಕೆಸರು, ಉಬ್ಬರ, ಹಾವು ಒಂದು ಕಡೆ. ಮ್ಯಾಂಗ್ರೋವ್‌ಗೆ ಕಾನೂನಿನ ರಕ್ಷಣೆ ಇನ್ನೊಂದು ಕಡೆ. ಮಳೆಗಾಲದಲ್ಲಿ ಗವಳಿದೇವ ಬೆಟ್ಟದ ಮಾತೇ ಬೇಡ. ನಿಂತ ನೀರಲ್ಲಿ ಹುಡುಕಾಟವೂ ಬೇಡ, ಅಂಥ ನೀರಿನಿಂದ ತಗಲುವ ಲೆಪ್ಟೊಸ್ಪೈರೋಸಿಸ್ ಜ್ವರ ಇಲ್ಲಿ ಹೊಸ ಹೆಸರಲ್ಲ.

ತಿಂಡಿ ಒಳಗಿಡಬೇಡಿ, ಇರುವೆ, ಇಲಿ ಮೊದಲು ಬರುತ್ತವೆ. ಮಕ್ಕಳ ಫೋಟೋವನ್ನು ಜಾಗದ ಅಂಕಿಯ ಜೊತೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಮಾಡಬೇಕಾದ್ದು

ಮುಖ್ಯೋಪಾಧ್ಯಾಯರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ವಾಚ್‌ಮನ್‌ಗೆ ಡಬ್ಬಿಯನ್ನೇ ತೋರಿಸಿ. ಒಳಗಿರುವುದು ಕಾಣುವ ಪಾರದರ್ಶಕ ಡಬ್ಬಿಯೇ ಆಗಬೇಕು; ಮೇಲೆ ಶಾಲೆಯ ಹೆಸರು, ಪಾಠದ ಡಬ್ಬಿ ಎಂಬ ಚೀಟಿ ಮರಾಠಿಯಲ್ಲೂ ಇರಲಿ. ಒಳಗೆ ಪೆನ್ನಲ್ಲ, ಪೆನ್ಸಿಲ್: ಜುಲೈ ತಿಂಗಳ ತೇವಕ್ಕೆ ಶಾಯಿ ಹರಡಿ ಹೆಸರೇ ಅಳಿಸಿಹೋಗುತ್ತದೆ.

ಇನ್ನು ಪಾಠ. ಘಣಸೋಲಿ ಇರುವುದು ಸುಮಾರು 19.12 ಡಿಗ್ರಿ ಉತ್ತರ, 73 ಡಿಗ್ರಿ ಪೂರ್ವದಲ್ಲಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖೆಯ ಮೇಲೆ. ಡಿಗ್ರಿಗೆ 4 ನಿಮಿಷದಂತೆ ಮಕ್ಕಳೇ ಲೆಕ್ಕ ಹಾಕಲಿ: ಇಲ್ಲಿನ ಸೂರ್ಯ ಗಡಿಯಾರಕ್ಕಿಂತ 38 ನಿಮಿಷ ಹಿಂದೆ. 1955ರವರೆಗೂ ಮುಂಬಯಿ ಬೇರೆ ಸಮಯ ಇಟ್ಟುಕೊಂಡಿದ್ದು ಏಕೆಂದು ಆಗ ಹೇಳಿ.

ಒಂದೇ ಡಬ್ಬಿಯ ಮುಂದೆ ಐದು ಫೋನ್ ಹಿಡಿಸಿ, ಐದರ ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆಸಿ. ಎಲ್ಲವೂ ಒಂದೇ ಇರುವುದಿಲ್ಲ. ದಶಾಂಶದ ನಾಲ್ಕನೆಯ ಅಂಕಿ ಎಂದರೆ ನೆಲದ ಮೇಲೆ ಸುಮಾರು 11 ಮೀಟರ್, ಐದನೆಯದು 1 ಮೀಟರ್, ಆರನೆಯದು 11 ಸೆಂಟಿಮೀಟರ್. ಫೋನ್ ಆರು ಅಂಕಿ ತೋರಿಸುತ್ತದೆ, ಆದರೆ ಬಯಲಲ್ಲೇ ಅದರ ತಪ್ಪು 5 ಮೀಟರಿನ ಆಸುಪಾಸು. ಎತ್ತರದ ಸೊಸೈಟಿಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಇನ್ನೂ ಹೆಚ್ಚು. ಯಾರ ಫೋನ್ ಸರಿ ಎಂಬ ಜಗಳ ಏಳುತ್ತದೆ. ಏಳಲಿ, ಸರಾಸರಿ ತೆಗೆಸಿ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಕಲಿಸುವಂಥದ್ದು ಇದೇ; ಇದನ್ನು ಬಿಟ್ಟು ಬರೀ ಡಬ್ಬಿ ಹುಡುಕಿಸುವುದಾದರೆ ಕಣ್ಣಾಮುಚ್ಚಾಲೆಯೇ ಸಾಕು, ಫೋನ್ ಬೇಕಿಲ್ಲ.

ನಾಲ್ಕು ಮಕ್ಕಳಿಗೆ ಒಂದು ಫೋನ್ ಸಾಕು, ಅದೂ ಶಿಕ್ಷಕರದು. ಸ್ಥಾನ ತಿಳಿಯಲು ನೆಟ್ ಬೇಕಿಲ್ಲ, ಡೇಟಾ ಆಫ್ ಮಾಡಿಸಿ. ಸುಳಿವು ಕನ್ನಡದಲ್ಲಿ ಬರೆಯಿರಿ, ಆದರೆ ಅರಳಿಕಟ್ಟೆ, ಹಟ್ಟಿ, ಕಣಜ ಎಂದೆಲ್ಲ ಬರೆದು ಇಲ್ಲೇ ಹುಟ್ಟಿದ ಮಕ್ಕಳನ್ನು ಕಂಗಾಲು ಮಾಡಬೇಡಿ. ನೀರಿನ ಟ್ಯಾಂಕು, ಮೆಟ್ಟಿಲು, ಬಾದಾಮಿ ಮರ ಸಾಕು.

ಎಷ್ಟು ಡಬ್ಬಿ ಇಟ್ಟಿರಿ, ಎಲ್ಲಿಟ್ಟಿರಿ ಎಂದು ಕಚೇರಿಯ ವಹಿಯಲ್ಲಿ ಬರೆದು ಸಹಿ ಹಾಕಿ. ಸಂಜೆ ಗೇಟು ಮುಚ್ಚುವ ಮೊದಲು ಅಷ್ಟನ್ನೂ ನೀವೇ ಎತ್ತಿ ಎಣಿಸಿಕೊಡಬೇಕು. ಅಷ್ಟು ಪುರುಸೊತ್ತಿಲ್ಲದ ದಿನ ಆಟ ಇಟ್ಟುಕೊಳ್ಳಬೇಡಿ.