ಎಡಗಾಲಿನ ಪಾಠ: ಸೈಯದ್ ಅಬ್ದುಲ್ ರಹೀಮ್

ಕ್ರೀಡಾಪಟುಗಳ ಜೀವನವನ್ನು ಬೋಧಿಸುವಾಗ ಪದಕಗಳನ್ನು ಎಣಿಸಿ ಪಾಠ ಮುಗಿಸುವುದೇ ರೂಢಿ. ಹೈದರಾಬಾದಿನ ರಹೀಮ್ ಸಾಹೇಬರ ವಿಷಯದಲ್ಲಿ ಹಾಗೆ ಮಾಡಿದರೆ ತಿರುಳೇ ಕೈತಪ್ಪುತ್ತದೆ. ಏಕೆಂದರೆ ಅವರು ನಮ್ಮಂತೆಯೇ ಶಾಲಾ ಶಿಕ್ಷಕರಾಗಿದ್ದವರು.

1909ರಲ್ಲಿ ಜನಿಸಿದ ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಫುಟ್‌ಬಾಲ್ ಆಡಿದರು, ಬಳಿಕ ಅಧ್ಯಾಪಕರಾದರು. ಮುಂದೆ ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ಅವರ ಬೋಧನಾಕ್ರಮ ಗಮನಾರ್ಹ. ದುರ್ಬಲವಾದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ಪಂದ್ಯಾವಳಿಗಳನ್ನು ಅವರು ಏರ್ಪಡಿಸಿದರು. ಡ್ರಿಬ್ಲಿಂಗ್, ಎಂದರೆ ಒಬ್ಬನೇ ಚೆಂಡನ್ನು ಕಾಲಲ್ಲಿ ನಡೆಸುತ್ತ ಎದುರಾಳಿಗಳನ್ನು ವಂಚಿಸುತ್ತ ಸಾಗುವುದು, ನಿಷಿದ್ಧವಾದ ಪಂದ್ಯಗಳನ್ನೂ ಆಡಿಸಿದರು. ಬಲಗಾಲಿನ ನಿಪುಣ ಅಲ್ಲಿ ಮತ್ತೆ ಕಲಿಯುವವನಾಗುತ್ತಿದ್ದ. ಚೆಂಡನ್ನು ಬಿಟ್ಟುಕೊಡಲೊಲ್ಲದವನು ಜೊತೆಗಾರನಿಗಾಗಿ ಕಣ್ಣೆತ್ತಿ ನೋಡಲೇಬೇಕಾಗುತ್ತಿತ್ತು. ಉಪದೇಶದಿಂದ ಸಾಗದ ಕೆಲಸವನ್ನು ಆಟದ ನಿಯಮವೇ ಮಾಡುತ್ತಿತ್ತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಬಹುಪಾಲು ಬರಿಗಾಲಲ್ಲಿ ಆಡಿದ ಅವರ ಭಾರತ ತಂಡ ಯುಗೊಸ್ಲಾವಿಯಕ್ಕೆ 1–10ರಿಂದ ಸೋತಿತು. ನಾಲ್ಕೇ ವರ್ಷಗಳಲ್ಲಿ, ಮೆಲ್ಬೋರ್ನ್‌ನಲ್ಲಿ, ಅವರ ತಂಡಕ್ಕೆ ನಾಲ್ಕನೆಯ ಸ್ಥಾನ. ಈ ಅಂತರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದು ಒಳ್ಳೆಯದು.

1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟಾಗ ರಹೀಮರ ದೇಹವನ್ನು ಶ್ವಾಸಕೋಶದ ಕ್ಯಾನ್ಸರ್ ಸವೆಸುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದೆದುರು ಸೋಲು. ಮುಂದೆ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಅವರನ್ನು ಕೂರಿಸುವ ಬದಲು ರಹೀಮರು ಮುಂಪಂಕ್ತಿಗೆ ಕಳುಹಿಸಿದರು. ಜರ್ನೈಲರು ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಗೋಲು ಹೊಡೆದರು. ಭಾರತವನ್ನು ಹೀಯಾಳಿಸುತ್ತಿದ್ದ ಜನಸಾಗರದ ನಡುವೆ ಅದೇ ಕೊರಿಯದ ಮೇಲೆ 2–1ರ ಜಯ, ಚಿನ್ನದ ಪದಕ. ಮರುವರ್ಷ ಜೂನ್‌ನಲ್ಲಿ ರಹೀಮರು ತೀರಿಕೊಂಡರು.

ಗಡಿನಾಡಿನ ನಮ್ಮ ತರಗತಿಗಳಲ್ಲಿ ಕನ್ನಡವನ್ನು ಸರಾಗವಾಗಿ ಓದಿಯೂ ಮಾತಾಡಲು ಹಿಂಜರಿಯುವ ಮಕ್ಕಳಿದ್ದಾರೆ. ಮಾತಿನಲ್ಲಿ ಮುಂದಿದ್ದು ಬರೆಯಲು ತಡವರಿಸುವವರೂ ಇದ್ದಾರೆ. ಈ ಪಾಠದ ಬಳಿಕ ಒಂದು ಅವಧಿಯನ್ನು ರಹೀಮರ ರೀತಿಯಲ್ಲಿ ನಡೆಸಬಹುದು: ಮೊದಲನೆಯವರು ಪುಸ್ತಕ ಮುಚ್ಚಿ ಜಕಾರ್ತಾದ ಪಂದ್ಯವನ್ನು ಬಾಯಲ್ಲೇ ವರ್ಣಿಸಲಿ, ಎರಡನೆಯವರು ತುಟಿ ಬಿಚ್ಚದೆ ಅದನ್ನೇ ಹತ್ತು ವಾಕ್ಯಗಳಲ್ಲಿ ಬರೆಯಲಿ. ಆ ದಿನ ಅಂಕ ಕೊಡಬೇಕಾಗಿಲ್ಲ.