ಕೊಟ್ಟಿಗೆಯ ಒಡನಾಟ ಮತ್ತು ಆಟಿಸಂ ಇರುವ ಮಗು

ಬೆಳೆ, ಗೊಬ್ಬರಗಳ ವಿಷಯ ಕೇಳಲು ಬರುವ ರೈತರು ಮಾತು ಮುಗಿದ ಮೇಲೂ ಏಳದೆ, ಮನೆಯ ಕಷ್ಟವೊಂದನ್ನು ಮೆಲ್ಲಗೆ ತೆಗೆಯುವುದುಂಟು. "ಮಗನಿಗೆ ಐದು ತುಂಬಿತು ಸ್ವಾಮಿ. ಅಪ್ಪ, ಅವ್ವ ಎಂದವನಲ್ಲ. ಕರೆದರೆ ತಿರುಗಿ ನೋಡೋದಿಲ್ಲ. ಆದರೆ ಕರುವಿಗೆ ಒರಗಿಕೊಂಡು ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ. ಅವನನ್ನು ಅಲ್ಲೇ ಬಿಡಬೇಕೋ, ಎಬ್ಬಿಸಿ ತರಬೇಕೋ?" ಎಂದು ಒಬ್ಬರು ಕೇಳಿದರು. ಬೇಸಾಯಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ಇಂತಹ ಮಕ್ಕಳಿಗೆ ಪ್ರಾಣಿಗಳ ಒಡನಾಟದಿಂದ ಪ್ರಯೋಜನವುಂಟೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ರೈತ ಬಾಂಧವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಆಟಿಸಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಇದನ್ನು ವಿವರಿಸಿದರು. ಇಂತಹ ಮಗುವಿಗೆ ಇತರರೊಡನೆ ಬೆರೆಯುವುದು, ಮಾತನಾಡುವುದು ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ದಿನಚರಿ ಸ್ವಲ್ಪ ಬದಲಾದರೂ ಕೆಲವು ಮಕ್ಕಳು ಕಂಗೆಡುತ್ತಾರೆ. ನಮಗೆ ಸಾಧಾರಣವೆನಿಸುವ ಸದ್ದು, ಬೆಳಕು, ಸ್ಪರ್ಶ ಅವರಿಗೆ ಸಹಿಸಲಾಗದಷ್ಟು ತೀವ್ರವಾಗಿರಬಹುದು.

ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂದು ಹಿಂದೆ ಕೆಲವು ವೈದ್ಯರೇ ನಂಬಿದ್ದರು. ಅದು ತಪ್ಪೆಂದು ಸಿದ್ಧವಾಗಿದೆ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಇದು ಶಾಪವಲ್ಲ, ಗ್ರಹಚಾರವಲ್ಲ, ಲಸಿಕೆಯಿಂದ ಬರುವುದೂ ಅಲ್ಲ. ಮನೆಯ ಸೊಸೆಯನ್ನು ದೂರುವುದರಿಂದ ಮಗುವಿಗೆ ಯಾವ ಉಪಕಾರವೂ ಆಗದು.

ದನದಿಂದ ಕಲಿತ ವಿಜ್ಞಾನಿ

ಈ ವಿಷಯದಲ್ಲಿ ಪಶುಪಾಲಕರು ತಿಳಿಯಲೇಬೇಕಾದ ಹೆಸರು ಟೆಂಪಲ್ ಗ್ರ್ಯಾಂಡಿನ್ ಅವರದು. ಇವರು 1947ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. ಆಟಿಸಂನಿಂದಾಗಿ ಮೂರು ವರ್ಷ ಕಳೆದರೂ ಅವರಿಗೆ ಮಾತು ಬಂದಿರಲಿಲ್ಲ. ಹದಿಹರೆಯದಲ್ಲಿ ಅರಿಜೋನಾ ರಾಜ್ಯದಲ್ಲಿದ್ದ ಸಂಬಂಧಿಕರ ಪಶುಪಾಲನಾ ಕ್ಷೇತ್ರಕ್ಕೆ ಹೋದಾಗ, ಚುಚ್ಚುಮದ್ದಿಗೆಂದು ದನಗಳನ್ನು ನಿಲ್ಲಿಸುವ ಚೌಕಟ್ಟನ್ನು ಕಂಡರು. ಅದರ ಎರಡೂ ಬದಿಯ ಹಲಗೆಗಳು ಮೈಯನ್ನು ಒತ್ತಿ ಹಿಡಿದೊಡನೆ ಬೆದರಿದ ದನಗಳಲ್ಲಿ ಕೆಲವು ಶಾಂತವಾಗುತ್ತಿದ್ದವು. ತಮಗೂ ಹಾಗೆಯೇ ಆಗಬಹುದೆಂದು ಯೋಚಿಸಿ ತಮ್ಮ ಮೈಗೆ ಒಪ್ಪುವಂತಹ ಯಂತ್ರವೊಂದನ್ನು ಮಾಡಿಕೊಂಡರು. ಅದರಿಂದ ಅವರ ಆತಂಕ ತಗ್ಗಿತು.

ಅವರು 1989ರಲ್ಲಿ ಪಶುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ದನಗಳು ನಡೆಯುವ ಓಣಿಯಲ್ಲಿ ತಾವೇ ಬಗ್ಗಿ ನಡೆದು, ದನದ ಕಣ್ಣಿನ ಎತ್ತರದಿಂದ ನೋಡಿದರು. ತೂಗಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ನೆಲದ ಮೇಲಿನ ನೆರಳು, ನೀರಿನ ಹೊಳಪು, ಕೂಗಾಟ ಇವೇ ದನವನ್ನು ಬೆದರಿಸುತ್ತವೆ ಎಂದು ತೋರಿಸಿಕೊಟ್ಟರು. ಆಟಿಸಂ ಇರುವ ಅನೇಕ ಮಕ್ಕಳು ಬೆದರುವುದೂ ಇಂತಹ ಸಣ್ಣ ಸಂಗತಿಗಳಿಗೇ. ದನವನ್ನು ಗದರದೆ, ಹೊಡೆಯದೆ ಪಳಗಿಸಲು ಬಲ್ಲ ರೈತನಿಗೆ ಈ ಮಗುವನ್ನು ಅರಿಯಲು ಬೇಕಾದ ತಾಳ್ಮೆ ಆಗಲೇ ಕೈಗೂಡಿದೆ ಎನ್ನಬಹುದು.

ಪ್ರಯೋಗಗಳು ಏನು ಹೇಳುತ್ತವೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಅವರು ತಮ್ಮ ನಾಯಿ ಜೊತೆಗಿದ್ದಾಗ ಮುದುಡಿಕೊಂಡಿದ್ದ ಮಕ್ಕಳು ತೆರೆದುಕೊಳ್ಳುವುದನ್ನು ಕಂಡು 1962ರಲ್ಲಿ ಆ ಕುರಿತು ಬರೆದರು. ಇದು ಆರಂಭ. ಮುಂದೆ ಹೋಲಿಕೆಯ ಪ್ರಯೋಗಗಳು ನಡೆದವು.

2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳನ್ನು ಸಹಪಾಠಿಗಳ ಜೊತೆ ಒಮ್ಮೆ ಆಟಿಕೆಗಳೊಡನೆ, ಒಮ್ಮೆ ಗಿನಿಪಿಗ್ ಎಂಬ ಸಣ್ಣ ಸಾಧು ಪ್ರಾಣಿಯೊಡನೆ ಬಿಡಲಾಯಿತು. ಪ್ರಾಣಿ ಇದ್ದಾಗ ಮಕ್ಕಳು ಹೆಚ್ಚು ಮಾತನಾಡಿದರು, ಇತರರ ಮುಖ ನೋಡಿದರು, ನಕ್ಕರು; ಅಳು, ರಗಳೆ ಕಡಿಮೆಯಾಯಿತು.

2015ರಲ್ಲಿ ಪ್ರಕಟವಾದ ಕೊಲರಾಡೊ ಪ್ರಯೋಗದಲ್ಲಿ 6ರಿಂದ 16 ವಯಸ್ಸಿನ 127 ಮಕ್ಕಳಿದ್ದರು. ಒಂದು ಗುಂಪಿಗೆ 10 ವಾರ ಕುದುರೆ ಸವಾರಿ ಕಲಿಸಲಾಯಿತು. ಇನ್ನೊಂದು ಗುಂಪಿಗೆ ಜೀವಂತ ಕುದುರೆಯ ಸಂಪರ್ಕವಿಲ್ಲದೆ ಕುದುರೆಯ ವಿಷಯಗಳನ್ನಷ್ಟೇ ಹೇಳಿಕೊಡಲಾಯಿತು. ಸವಾರಿ ಕಲಿತವರಲ್ಲಿ ಸಿಡುಕು, ಚಡಪಡಿಕೆ ಹೆಚ್ಚು ತಗ್ಗಿ, ಆಡುವ ಪದಗಳು ಹೆಚ್ಚಿದವು.

ಆದರೆ ಇಂತಹ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕವು, ಅಲ್ಪಾವಧಿಯವು. ಪ್ರಾಣಿಯ ಒಡನಾಟದಿಂದ ಆಟಿಸಂ ವಾಸಿಯಾಗುತ್ತದೆಂದು ಯಾವುದೂ ಹೇಳುವುದಿಲ್ಲ. ಬೆಳೆಗೆ ನೀರು ಕೊಡುವುದನ್ನು ಬಿಟ್ಟು ಬರೀ ಮೇಲುಗೊಬ್ಬರ ಹಾಕಿದರೆ ಹೇಗೋ, ತರಬೇತಿ ಬಿಟ್ಟು ಪ್ರಾಣಿಯನ್ನೇ ನೆಚ್ಚಿದರೆ ಹಾಗೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಪ್ರಾಣಿಯ ಆಯ್ಕೆ: ಸಾಧುವಾದ, ಕೈಗೆ ಒಗ್ಗಿದ ಕರು, ಆಡು ಅಥವಾ ವಯಸ್ಸಾದ ಹಸು ಸೂಕ್ತ. ಹೋರಿ, ಟಗರು, ಹೊಸದಾಗಿ ಕರು ಹಾಕಿದ ಹಸು, ಹಾಯುವ ಅಥವಾ ಒದೆಯುವ ಅಭ್ಯಾಸವಿರುವ ದನ ಬೇಡವೇ ಬೇಡ.

2. ಮಗುವಿನ ಒಪ್ಪಿಗೆ: ಎಲ್ಲ ಮಕ್ಕಳಿಗೂ ಪ್ರಾಣಿ ಹಿಡಿಸುವುದಿಲ್ಲ. ಹೆದರುವ ಮಗುವನ್ನು ಎಳೆದೊಯ್ಯಬಾರದು. ಮೊದಲು ದೂರದಿಂದ ನೋಡುವುದು, ಆಮೇಲೆ ಮೇವು ಹಾಕುವುದು, ಕೊನೆಗೆ ಮುಟ್ಟುವುದು, ಹೀಗೆ ಹಂತ ಹಂತವಾಗಿ ಹೋಗಬೇಕು.

3. ಹೊತ್ತು ಮತ್ತು ಕ್ರಮ: ದಿನವೂ ಒಂದೇ ಹೊತ್ತಿಗೆ, 10-15 ನಿಮಿಷ ಸಾಕು. ನೀರು ತೋರಿಸುವುದು, ಹುಲ್ಲು ಹಾಕುವುದು, ಮೈ ಉಜ್ಜುವುದು ಎಂಬ ಕ್ರಮ ಬದಲಾಗದಿರಲಿ. ಮುಂದೇನು ಎಂದು ಗೊತ್ತಿದ್ದರೆ ಮಗು ನಿಶ್ಚಿಂತೆಯಿಂದಿರುತ್ತದೆ.

4. ಮಾತು: ಹಿರಿಯರು ಪಕ್ಕದಲ್ಲಿದ್ದು "ಹುಲ್ಲು ಹಾಕು", "ಕರು ಬಾ" ಎಂಬ ಚಿಕ್ಕ ಮಾತುಗಳನ್ನು ನಿಧಾನವಾಗಿ ಆಡಬೇಕು. ಹುಲ್ಲನ್ನು ಕೈಯಲ್ಲಿ ಹಿಡಿದು, ಮಗು ಕೇಳಲೆಂದು ಒಂದು ಕ್ಷಣ ಕಾಯಬೇಕು. ಕಣ್ಣು, ಬೆರಳು, ಸದ್ದು ಯಾವುದರಿಂದ ಕೇಳಿದರೂ ಒಡನೆ ಕೊಡಬೇಕು.

5. ಸುರಕ್ಷತೆ: ಮಗುವನ್ನು ಪ್ರಾಣಿಯ ಬಳಿ ಒಂಟಿಯಾಗಿ ಬಿಡಬಾರದು. ಹಗ್ಗವನ್ನು ಮಗುವಿನ ಕೈಗೆ ಸುತ್ತಬಾರದು. ಹಿಂಗಾಲಿನ ಕಡೆ ನಿಲ್ಲಿಸಬಾರದು. ಅಪಾಯದ ಅರಿವಿಲ್ಲದೆ ಮನೆಬಿಟ್ಟು ಹೋಗುವ ಸ್ವಭಾವ ಇಂತಹ ಕೆಲವು ಮಕ್ಕಳಲ್ಲಿರುವುದರಿಂದ ಬಾವಿ, ಕೃಷಿಹೊಂಡಗಳಿಗೆ ಬೇಲಿ ಹಾಕಬೇಕು.

6. ಆರೋಗ್ಯ: ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ದನಕರುಗಳಿಗೆ ಪಶುವೈದ್ಯರು ಹೇಳಿದ ಲಸಿಕೆ, ಜಂತುಹುಳುವಿನ ಔಷಧಿಗಳನ್ನೂ ತಪ್ಪದೆ ಹಾಕಿಸಬೇಕು. ಹುಳುಕಡ್ಡಿಯಾದ ಕರುವಿನಿಂದ, ಕಂದು ಹಾಕಿದ ಹಸುವಿನಿಂದ ಮಗುವನ್ನು ದೂರವಿಡಬೇಕು. ಇವುಗಳಿಂದ ಮನುಷ್ಯರಿಗೂ ರೋಗ ಅಂಟಬಹುದು. ಕೊಟ್ಟಿಗೆಯಿಂದ ಬಂದೊಡನೆ ಸೋಪಿನಿಂದ ಕೈ ತೊಳೆಸಬೇಕು. ಹಸಿ ಹಾಲು ಕುಡಿಸಬಾರದು.

7. ಪ್ರಾಣಿಯ ಹಿತ: ಮಗು ಹೊಡೆದರೆ, ಕಿವಿ-ಬಾಲ ಎಳೆದರೆ ಅಂದಿನ ಒಡನಾಟವನ್ನು ಅಲ್ಲಿಗೇ ನಿಲ್ಲಿಸಬೇಕು. ದನ ತಲೆ ಕೊಡವಿದರೆ, ಕಾಲು ಬಡಿದರೆ ಅದಕ್ಕೆ ಸಾಕಾಗಿದೆ ಎಂದು ತಿಳಿಯಬೇಕು.

ತಡಮಾಡಬೇಡಿ

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದವೂ ಬರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಆಡದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ ವೈದ್ಯರಿಗೆ ತೋರಿಸಬೇಕು. ಕಿವಿ ಕೇಳಿಸುವುದೇ ಎಂಬ ಪರೀಕ್ಷೆಯೂ ಆಗಬೇಕು. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲಾ ಮಟ್ಟದ ತಪಾಸಣೆಗೆ ದಾರಿ ತೋರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆಟಿಸಂ ಅನ್ನು ಅಂಗವಿಕಲತೆಗಳಲ್ಲಿ ಸೇರಿಸಿದೆಯಾದ್ದರಿಂದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ಮಾತಿನ ತರಬೇತಿಯನ್ನು ಎಳೆಯ ವಯಸ್ಸಿನಲ್ಲಿ ಆರಂಭಿಸಿದಷ್ಟೂ ಲೇಸು. ಹಾಗೆಂದು ಐದು ತುಂಬಿದ ಮಗುವಿಗೆ ಹೊತ್ತು ಮೀರಿತೆಂದು ಕೈಬಿಡಬೇಕಾಗಿಲ್ಲ.

ಮೊದಲು ಕೇಳಿದ ರೈತರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಮಗನನ್ನು ಕರುವಿನ ಬಳಿಯಿಂದ ಎಬ್ಬಿಸಿ ತರಬೇಡಿ, ಒಂಟಿಯಾಗಿಯೂ ಬಿಡಬೇಡಿ. ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ವಾರವೇ ಒಂದು ದಿನ ಹೊಲದ ಕೆಲಸ ಬಿಟ್ಟು ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಕರು ಅವನನ್ನು ಸಮಾಧಾನದಲ್ಲಿ ಇಟ್ಟೀತು. ಮಾತು ಕಲಿಸುವ ಕೆಲಸ ಮನುಷ್ಯರದೇ.