ಚಿಹ್ನೆಯ ಎರಡು ಅರ್ಥ

‘ಗಾಳಿಗೆ ಮರ ಬಿದ್ದಿತು’ ಎಂಬಲ್ಲಿ ಬಿದ್ದದ್ದು ನಿಜವಾದ ಮರ. ‘ಮರ’ದಲ್ಲಿ ಎರಡು ಅಕ್ಷರಗಳಿವೆ ಎನ್ನುವಾಗ ಮಾತು ಪದವನ್ನು ಕುರಿತದ್ದು. ಈ ಭೇದವನ್ನು ಓದುಗನು ಸಂದರ್ಭದಿಂದ ಅರಿಯುತ್ತಾನೆ. ಕಂಪ್ಯೂಟರಿಗೆ ಅದನ್ನು ಚಿಹ್ನೆಯಿಂದಲೇ ತಿಳಿಸಬೇಕು.

ಮೈಕೇಲ್ ಎಲ್ಕಿನ್ಸ್ ಎಂಬುವರು 1995ರಲ್ಲಿ ‘ಮಟ್’ ಎಂಬ ಇ-ಮೇಲ್ ಪ್ರೋಗ್ರಾಮನ್ನು ರಚಿಸಿದರು. ಅದನ್ನು ಬಳಸುವವರು ತಮ್ಮ ವಿಳಾಸ, ಪಾಸ್‌ವರ್ಡ್ ಮೊದಲಾದವುಗಳನ್ನು ಒಂದು ಕಡತದಲ್ಲಿ ಬರೆದಿಡುತ್ತಾರೆ. ಪ್ರೋಗ್ರಾಮು ಆರಂಭವಾದೊಡನೆ ಆ ಕಡತವನ್ನು ಓದಿ ಅದರಂತೆ ನಡೆಯುತ್ತದೆ. ಅಲ್ಲಿ ಡಾಲರ್ ಚಿಹ್ನೆಯ ನಂತರ ‘ಹೋಮ್’ ಎಂಬ ಹೆಸರನ್ನು ಬರೆದರೆ, ಬಳಸುವವನ ಸ್ವಂತ ಕಡತಗಳಿರುವ ಸ್ಥಳದ ವಿಳಾಸವು ಆ ಹೆಸರಿನ ಜಾಗದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಇದಕ್ಕೆ ವಿಸ್ತರಣೆ ಎಂದು ಹೆಸರು. ಆದುದರಿಂದ ಕಡತವನ್ನು ಬೇರೊಂದು ಕಂಪ್ಯೂಟರಿಗೆ ಒಯ್ದರೂ ಆ ಸಾಲನ್ನು ತಿದ್ದಬೇಕಾಗಿಲ್ಲ.

ಈ ಸೌಕರ್ಯವೇ ಕೆಲವೊಮ್ಮೆ ತೊಡಕಾಗುತ್ತದೆ. ‘ರೈನ್’ ಎಂಬ ಇಂಗ್ಲಿಷ್ ಪದ, ಡಾಲರ್ ಚಿಹ್ನೆ, ಅನಂತರ ‘ಟ್ರೀ’ ಎಂಬ ಪದ, ಈ ಮೂರನ್ನು ಕೂಡಿಸಿ ಒಬ್ಬನು ಪಾಸ್‌ವರ್ಡ್ ಮಾಡಿಕೊಂಡನೆನ್ನೋಣ. ಅದನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಬರೆದರೆ ಮಟ್ ‘ಟ್ರೀ’ ಎಂಬ ಹೆಸರಿನ ಬೆಲೆಯನ್ನು ಹುಡುಕುತ್ತದೆ. ಅಂತಹ ಹೆಸರೇ ಇಲ್ಲವಾದ್ದರಿಂದ ಆ ಜಾಗ ಬರಿದಾಗಿ, ಅಂಚೆಯ ಸರ್ವರಿಗೆ ‘ರೈನ್’ ಮಾತ್ರ ಹೋಗುತ್ತದೆ. ಸರ್ವರು ಅದನ್ನು ತಿರಸ್ಕರಿಸುತ್ತದೆ. ಬೆಲೆ ಸಿಗಲಿಲ್ಲವೆಂದು ಮಟ್ ಒಂದು ಮಾತನ್ನಾದರೂ ಹೇಳಬೇಕಾಗಿತ್ತು, ಅದು ಸುಮ್ಮನಿರುತ್ತದೆ. ಬಳಸುವವನು ತನ್ನ ಪಾಸ್‌ವರ್ಡನ್ನೇ ಶಂಕಿಸಿ ಮತ್ತೆ ಮತ್ತೆ ಅದನ್ನೇ ಬರೆಯುತ್ತಾನೆ. ಡಾಲರಿನ ನಂತರ ಅಂಕಿಯಿದ್ದರೆ ವಿಸ್ತರಣೆ ನಡೆಯುವುದಿಲ್ಲ. ಒಬ್ಬನ ಡಾಲರ್ ಕೆಲಸ ಮಾಡಿ ಇನ್ನೊಬ್ಬನದು ಕೆಡುವುದುಂಟು.

ಪರಿಹಾರವೇನೋ ಸುಲಭ. ಒಂಟಿ ಉದ್ಧರಣ ಚಿಹ್ನೆಗಳೊಳಗೆ ಡಾಲರ್ ಬರಿಯ ಡಾಲರೇ. ಜೋಡಿ ಚಿಹ್ನೆಗಳೇ ಬೇಕೆನ್ನುವವರು ಡಾಲರಿನ ಹಿಂದೆ, ಎಡಕ್ಕೆ ವಾಲಿದ ಓರೆಗೆರೆಯೊಂದನ್ನು ಬರೆಯಬೇಕು. ಓರೆಗೆರೆಯು ತನ್ನ ಮುಂದಿನ ಅಕ್ಷರದ ವಿಶೇಷಾರ್ಥವನ್ನು ಕಳೆದು ತಾನು ಮಾಯವಾಗುತ್ತದೆ. ಓರೆಗೆರೆಯೇ ಉಳಿಯಬೇಕಾದರೆ ಎರಡು ಬರೆಯಬೇಕು.

ನಿಜವಾದ ಕಷ್ಟವಿರುವುದು ಎರಡು ಬಾರಿ ಓದಲ್ಪಡುವ ಸಾಲುಗಳಲ್ಲಿ. ಕಚೇರಿಯ ಪತ್ರಗಳ ಕೋಶವನ್ನು ತೆರೆದಾಗ ಕಳುಹಿಸುವವರ ವಿಳಾಸ ಬದಲಾಗಲಿ ಎಂಬ ಆಜ್ಞೆಯನ್ನು ಮಟ್ ಆರಂಭದಲ್ಲಿ ಒಮ್ಮೆ, ಕೋಶ ತೆರೆದಾಗ ಮತ್ತೊಮ್ಮೆ ಓದುತ್ತದೆ. ಆಜ್ಞೆ ಜೋಡಿ ಚಿಹ್ನೆಗಳೊಳಗಿದ್ದರೆ ವಿಸ್ತರಣೆ ಆರಂಭದಲ್ಲಿಯೇ ಮುಗಿಯುತ್ತದೆ. ಒಂಟಿ ಚಿಹ್ನೆಗಳೊಳಗಿದ್ದರೆ ಕೋಶ ತೆರೆಯುವವರೆಗೆ ಕಾಯುತ್ತದೆ. ಜೋಡಿ ಚಿಹ್ನೆಗಳೊಳಗಿನ ಡಾಲರು ಎರಡು ಓದುಗಳನ್ನೂ ದಾಟಿ ಉಳಿಯಬೇಕಾದರೆ ಅದರ ಹಿಂದೆ ಮೂರು ಓರೆಗೆರೆಗಳು ಬೇಕು. ಮೊದಲ ಓದಿನಲ್ಲಿ ಮೊದಲೆರಡು ಸೇರಿ ಒಂದಾಗುತ್ತವೆ, ಮೂರನೆಯದು ಡಾಲರನ್ನು ಕಾಪಾಡಿ ಅಳಿಯುತ್ತದೆ. ಉಳಿದ ಒಂದು ಓರೆಗೆರೆ ಎರಡನೆಯ ಓದಿನಲ್ಲಿ ಅದನ್ನು ಕಾಯುತ್ತದೆ.